ನಮ್ಮವರೇ ಅಂದಮೇಲೆ ಕಾಗದ ಯಾಕೆ?

ಈ ತಿಂಗಳು ಬಾಡಿಗೆ ಮನೆಯ ನೆಬೆನ್‌ಕೋಸ್ಟನ್ ಲೆಕ್ಕದ ಬಗ್ಗೆ ಬರೀತೀವಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ವಿ. ಅದನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇವೆ. ಯಾಕಂದರೆ ನಮ್ಮ ನಡುವೆಯೇ ಒಂದು ಕೈಗಡಿಯಾರದ ವ್ಯವಹಾರ ಕೆಟ್ಟು ಎರಡು ಮನೆಯವರು ಮಾತು ಬಿಟ್ಟಿದ್ದಾರೆ. ಅದರಲ್ಲಿ ನಮ್ಮ ತಪ್ಪೂ ಇದೆ. ಇಬ್ಬರನ್ನೂ ಕೇಳಿಯೇ ಇದನ್ನು ಬರೀತಿದ್ದೇವೆ. ಹೆಸರು, ಊರು ಮಾತ್ರ ಬೇಡ ಅಂದಿದ್ದಾರೆ, ಅದು ನ್ಯಾಯವೇ.

ನಡೆದದ್ದು ಇಷ್ಟು. ಕಳೆದ ರಾಜ್ಯೋತ್ಸವದ ಊಟದ ಹೊತ್ತಿನಲ್ಲಿ ನಮ್ಮವರೊಬ್ಬರು ತಮ್ಮ ಹಳೇ ರೋಲೆಕ್ಸ್ ಡೇಟ್‌ಜಸ್ಟ್ ಮಾರಬೇಕು ಅಂದರು. 2022ರ ಶುರುವಿನಲ್ಲಿ, ಇಂಥ ಗಡಿಯಾರಗಳ ಬೆಲೆ ಏರಿ ಕೂತಿದ್ದ ಕಾಲದಲ್ಲಿ, ಮೊದಲ ದೊಡ್ಡ ಬೋನಸ್ ಬಂದ ಖುಷಿಗೆ 6,500 ಯೂರೋ ಕೊಟ್ಟು ಯಾರೋ ಪರಿಚಯದವರಿಂದ ಕೊಂಡಿದ್ದರು. ಈಗ ಊರಲ್ಲಿ ಮನೆ ಕಟ್ಟಿಸ್ತಿದ್ದಾರೆ, ದುಡ್ಡು ಬೇಕು. 5,200ಕ್ಕೆ ಕೊಡ್ತೀನಿ ಅಂದರು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಅಪ್ಪನ ಅರವತ್ತರ ಶಾಂತಿಗೆ ಏನಾದರೂ ಒಳ್ಳೇದು ಕೊಡಬೇಕು ಅಂತ ಎರಡು ವರ್ಷದಿಂದ ಉಳಿಸಿಟ್ಟಿದ್ದರು. ಅವರು ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದರು: "ನಂಬಬಹುದಾ?" ನಾವು ಹಿಂದೆ ಮುಂದೆ ನೋಡದೆ ಅಂದ್ವಿ: "ಅಯ್ಯೋ, ನಮ್ಮ ಹುಡುಗ. ಕಣ್ಣು ಮುಚ್ಚಿ ತಗೊಳ್ಳಿ."

ಕಣ್ಣು ಮುಚ್ಚಿಯೇ ತಗೊಂಡರು. ಕವರಿನಲ್ಲಿ ನಗದು ಕೊಟ್ಟರು. ಗಡಿಯಾರ, ಹಸಿರು ಡಬ್ಬಿ, ಗ್ಯಾರಂಟಿ ಕಾಗದ ಎಲ್ಲ ಬಂತು. "ಒರಿಜಿನಲ್, ಫುಲ್ ಸೆಟ್" ಅನ್ನುವ ಮಾತೂ ಬಂತು. ರಸೀದಿ ಮಾತ್ರ ಯಾರೂ ಕೇಳಲಿಲ್ಲ, ಯಾರೂ ಬರೆಯಲಿಲ್ಲ.

ಊರಿಗೆ ಹೋಗುವ ಮುಂಚೆ ಪಟ್ಟಿಯ ಎರಡು ಕೊಂಡಿ ತೆಗೆಸೋಣ ಅಂತ ಅವರು ಹತ್ತಿರದ ಊರ್‌ಮಾಖರ್, ಅಂದರೆ ಗಡಿಯಾರ ರಿಪೇರಿಯವರ ಹತ್ತಿರ ಹೋದರು. ಅವರು ಭೂತಗನ್ನಡಿ ಹಾಕಿ ನೋಡಿ, ಹಿಂಬದಿಯ ಮುಚ್ಚಳ ಬಿಚ್ಚಲಾ ಅಂತ ಕೇಳಿದರು. ಒಳಗಿನ ಯಂತ್ರ ಅಸಲಿ. ಕವಚ ಅಸಲಿ. ಡಯಲ್ ಮಾತ್ರ ಹೊರಗೆಲ್ಲೋ ಬಣ್ಣ ಬಳಿದು, ಕಲ್ಲು ಕೂರಿಸಿದ್ದು. ಪಟ್ಟಿ ಬೇರೆ ಗಡಿಯಾರದ್ದು. ಕಾಗದದಲ್ಲಿದ್ದ ಸೀರಿಯಲ್ ನಂಬರಿಗೂ ಗಡಿಯಾರದ ಮೇಲಿದ್ದ ನಂಬರಿಗೂ ಒಂದು ಅಂಕಿ ವ್ಯತ್ಯಾಸ. "ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ" ಅಂದರಂತೆ ಆ ಮುದುಕರು.

ಮಾರಿದವರನ್ನು ಕೇಳಿದಾಗ ಅವರಿಗೂ ಆಘಾತ. ನಂಬರಿನ ವಿಷಯ, ಪಟ್ಟಿಯ ವಿಷಯ ತಮಗೆ ನಿಜವಾಗಿ ಗೊತ್ತಿರಲಿಲ್ಲ ಅಂದರು, ನಾವೂ ನಂಬ್ತೀವಿ. ಆದರೆ ಮಾತು ಮುಂದುವರಿದ ಮೇಲೆ ಇನ್ನೊಂದು ಹೊರಗೆ ಬಂತು. ಒಂದು ವರ್ಷದ ಹಿಂದೆ ಸರ್ವಿಸ್‌ಗೆ ಕೊಟ್ಟಾಗ "ಡಯಲ್ ಬದಲಾಗಿರೋ ಹಾಗಿದೆ" ಅಂತ ಒಬ್ಬರು ಅವರಿಗೆ ಹೇಳಿದ್ದರು. "ಇವರು ಕೇಳಲಿಲ್ಲ, ನಾನು ಹೇಳಲಿಲ್ಲ" ಅಂದರು.

ಈ ಒಂದು ವಾಕ್ಯದ ಮೇಲೆಯೇ ನಮ್ಮ ಈ ತಿಂಗಳ ಬರಹ ನಿಂತಿದೆ.

ಅಸಲಿ ಅಂದರೆ ಏನು?

ನಾವು ಅಸಲಿ, ನಕಲಿ ಅಂತ ಎರಡೇ ಡಬ್ಬಿ ಇಟ್ಟುಕೊಂಡಿದ್ದೇವೆ. ಹಳೇ ಗಡಿಯಾರದ ಲೋಕದಲ್ಲಿ ಮೂರನೆಯದೂ ಇದೆ. ಬೇರೆ ಬೇರೆ ಗಡಿಯಾರಗಳ ಭಾಗ ಸೇರಿಸಿ ಕಟ್ಟಿದ್ದನ್ನು ಇಲ್ಲಿ ಫ್ರಾಂಕನ್‌ವಾಚ್ ಅಂತಾರೆ. ಒಂದೊಂದು ಭಾಗ ತೆಗೆದು ನೋಡಿದರೆ ಅಸಲಿಯೇ ಇರಬಹುದು, ಆದರೆ ಕಾರ್ಖಾನೆಯಿಂದ ಆ ರೂಪದಲ್ಲಿ ಅದು ಯಾವತ್ತೂ ಹೊರಗೆ ಬಂದಿರಲ್ಲ.

ಇದು ಬರೀ ನಮ್ಮಂಥವರಿಗೆ ಆಗುವ ಮೋಸ ಅಂದುಕೊಳ್ಳಬೇಡಿ. 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚು ಬೆಲೆಗೆ ಹೋಯಿತು. ಕೊಂಡವರು ಯಾರು ಗೊತ್ತಾ? ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಂಗೆ. 2023ರಲ್ಲಿ ಕಂಪನಿಯೇ ಒಪ್ಪಿಕೊಂಡಿತು: ಅದು ಬೇರೆ ಬೇರೆ ಭಾಗ ಸೇರಿಸಿ ಮಾಡಿದ ಗಡಿಯಾರ, ತನ್ನಲ್ಲೇ ಕೆಲಸ ಮಾಡಿದ್ದವರ ಕೈವಾಡ ಇದರಲ್ಲಿದೆ ಅಂತ. ತಯಾರಿಸಿದವರೇ ಮೋಸಹೋದ ಮೇಲೆ, ಊಟದ ಎಲೆ ಮುಂದೆ ಕೂತು "ಒರಿಜಿನಲ್" ಅಂತ ಸರ್ಟಿಫಿಕೇಟ್ ಕೊಡೋಕೆ ನಾವ್ಯಾರು?

ನಮ್ಮದೇ ಉದಾಹರಣೆ ಬೇಕು ಅಂದರೆ ಎಚ್‌ಎಂಟಿ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆ ಶುರುವಾಯಿತು. ನಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರ ಕೈಯಲ್ಲಿ ಜನತಾ ಇತ್ತು, ಪೈಲಟ್ ಇತ್ತು. 2014ರಲ್ಲಿ ಮುಚ್ಚುವ ಸುದ್ದಿ ಬಂದಾಗ ಕೊಳ್ಳೋಕೆ ಜನ ಮುಗಿಬಿದ್ದರು. 2016ರಲ್ಲಿ ಗಡಿಯಾರದ ವಿಭಾಗ ಮುಚ್ಚೇಬಿಟ್ಟಿತು. ಆಮೇಲೆ ಏನಾಯ್ತು? ಹಳೇ ಯಂತ್ರಕ್ಕೆ ಕೆಂಪು, ಹಳದಿ, ಕಿತ್ತಳೆ ಬಣ್ಣದ ಹೊಸ ಡಯಲ್ ಅಂಟಿಸಿ, "ಹಳೇ ಎಚ್‌ಎಂಟಿ, ಬಳಸಿಯೇ ಇಲ್ಲ" ಅಂತ ಹೊರದೇಶಗಳಿಗೆ ಮಾರುವ ದಂಧೆ ಬೆಳೀತು. ಇಲ್ಲಿ ಜರ್ಮನಿಯಲ್ಲಿ ಕೂತು, ಊರಿನ ನೆನಪಿಗೆ ಅಂತ ಅದನ್ನೇ ಕೊಂಡ ಕನ್ನಡಿಗರು ನಮಗೆ ಗೊತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮ ಅಜ್ಜಿಯರು ಹೇಳಿದ್ದು ಸುಮ್ಮನೆ ಅಲ್ಲ.

ಡಯಲ್ ಬದಲಾಯಿಸಿದ ಗಡಿಯಾರ ಮಾರುವುದು ತಪ್ಪೇನಲ್ಲ. ಡಯಲ್ ಬದಲಾಗಿದೆ ಅಂತ ಹೇಳಿ ಮಾರಿದರೆ ಕೊಳ್ಳುವವರು ಆ ಬೆಲೆಗೆ ಕೊಳ್ತಾರೆ. ಹೇಳದೆ ಮಾರಿದರೆ ಕಥೆಯೇ ಬೇರೆ.

ಇಲ್ಲಿನ ಕಾನೂನು ಏನು ಹೇಳುತ್ತೆ?

ಬಹಳ ಜನ ಜಾಹೀರಾತಿನ ಕೊನೆಗೆ "ಪ್ರಿವಾಟ್‌ಫೆರ್‌ಕೌಫ್, ಕೈನೆ ಗರಾಂಟೀ" ಅಂತ ಬರೆದು ನಿಶ್ಚಿಂತೆಯಿಂದ ಇರ್ತಾರೆ. ಖಾಸಗಿ ಮಾರಾಟ, ಗ್ಯಾರಂಟಿ ಇಲ್ಲ ಅಂತ ಅದರ ಅರ್ಥ. ಖಾಸಗಿಯವರು ಹಳೇ ಸಾಮಾನಿನ ದೋಷಕ್ಕೆ ತಾವು ಹೊಣೆಯಲ್ಲ ಅಂತ ಒಪ್ಪಂದ ಮಾಡಿಕೊಳ್ಳಬಹುದು, ನಿಜ. ಹಾಗೆ ಏನೂ ಹೇಳದೇ ಇದ್ದರೆ ಖಾಸಗಿಯವರಿಗೂ ಎರಡು ವರ್ಷದ ಹೊಣೆ ಇರುತ್ತೆ. ಇದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದರೆ ಹೊಣೆ ಇಲ್ಲ ಅಂತ ಬರೆದರೂ ಅದಕ್ಕೆ ಮಿತಿ ಇದೆ.

ಒಂದನೇದು, ನೀವು ಹೇಳಿದ ಮಾತು ನಿಮ್ಮನ್ನು ಕಟ್ಟಿಹಾಕುತ್ತೆ. ಕಾರ್ಲ್ಸ್‌ರೂಹೆಯಲ್ಲಿರುವ ಫೆಡರಲ್ ಕೋರ್ಟಿನ 2006ರ ನವೆಂಬರ್ 29ರ ಒಂದು ತೀರ್ಪು ಇದೆ. ಒಬ್ಬರು ಹಳೇ ಮೋಟಾರ್‌ಸೈಕಲನ್ನು 30 ಸಾವಿರ ಕಿಲೋಮೀಟರ್ ಓಡಿದೆ ಅಂತ ಬರೆದು ಮಾರಿದರು, ಹೊಣೆ ಇಲ್ಲ ಅಂತಾನೂ ಬರೆದರು. ನೋಡಿದರೆ ಮೀಟರ್ ತೋರಿಸ್ತಿದ್ದದ್ದು ಮೈಲಿ. ನಿಜಕ್ಕೆ ಓಡಿದ್ದು ಸುಮಾರು 49 ಸಾವಿರ ಕಿಲೋಮೀಟರ್. ಕೋರ್ಟ್ ಹೇಳಿದ್ದು: ಇಷ್ಟು ಓಡಿದೆ ಅಂತ ಖಚಿತವಾಗಿ ಹೇಳಿದ ಮೇಲೆ, ಹೊಣೆ ಇಲ್ಲ ಅನ್ನುವ ಸಾಲು ಆ ಮಾತಿಗೆ ಅನ್ವಯಿಸಲ್ಲ. ಕಿಲೋಮೀಟರ್ ಜಾಗದಲ್ಲಿ "ಒರಿಜಿನಲ್" ಅಂತ ಇಟ್ಟು ನೋಡಿ. ಗೊತ್ತಿಲ್ಲದೇ ಹೇಳಿದೆ ಅಂದರೂ ಮಾತು ಮಾತೇ.

ಎರಡನೇದು, ಬೆಲೆ ಕಡಿಮೆ ಇತ್ತಲ್ಲ, ನಕಲಿ ಅಂತ ಅವರಿಗೇ ತಿಳೀಬೇಕಿತ್ತು ಅನ್ನುವ ವಾದ ಅಷ್ಟು ಸುಲಭಕ್ಕೆ ನಡೆಯಲ್ಲ. ವೆರ್ಟು ಅನ್ನುವ ದುಬಾರಿ ಫೋನ್ ಒಂದನ್ನು ಆನ್‌ಲೈನ್ ಹರಾಜಿನಲ್ಲಿ 1 ಯೂರೋದಿಂದ ಶುರು ಮಾಡಿದ್ದರು, 782 ಯೂರೋಗೆ ಒಬ್ಬರು ಗೆದ್ದರು, ಬಂದ ಮೇಲೆ ಇದು ನಕಲಿ ಅಂದರು. 2012ರ ಮಾರ್ಚ್ 28ರಂದು ಅದೇ ಕೋರ್ಟ್ ಹೇಳಿತು: ಬರೀ ಶುರುವಿನ ಬೆಲೆ ಕಡಿಮೆ ಅನ್ನುವುದಕ್ಕೆ, ಅಸಲಿ ಅಂತ ಮಾತಾಗಿರಲಿಲ್ಲ ಅಂತ ತೀರ್ಮಾನಿಸೋಕೆ ಬರಲ್ಲ, ಮಾರುವವರು ಬರೆದ ವಿವರಣೆಯನ್ನೂ ನೋಡಬೇಕು. ಕೇಸು ಮತ್ತೆ ಕೆಳಗಿನ ಕೋರ್ಟಿಗೆ ಹೋಯಿತು.

ಮೂರನೇದು, ಗೊತ್ತಿದ್ದೂ ಮುಚ್ಚಿಟ್ಟದ್ದು. ಬಿಜಿಬಿ ಅನ್ನುವ ಇಲ್ಲಿನ ಸಿವಿಲ್ ಕೋಡಿನ 444ನೇ ಕಲಂ ಪ್ರಕಾರ, ದೋಷವನ್ನು ಬೇಕಂತಲೇ ಮುಚ್ಚಿಟ್ಟವರು ಹೊಣೆ ಇಲ್ಲ ಅನ್ನುವ ಸಾಲಿನ ಹಿಂದೆ ಅವಿತುಕೊಳ್ಳೋಕೆ ಆಗಲ್ಲ. ಕೊಳ್ಳುವವರಿಗೆ ಮುಖ್ಯವಾದ ವಿಷಯ ಅಂದಮೇಲೆ ಅವರು ಕೇಳಲಿ ಬಿಡಲಿ ಹೇಳಬೇಕು. "ಇವರು ಕೇಳಲಿಲ್ಲ, ನಾನು ಹೇಳಲಿಲ್ಲ" ಅನ್ನುವ ಮಾತು ಇಲ್ಲಿ ಎಡವಿ ಬೀಳೋದು. ನಕಲಿ ಅಂತ ಗೊತ್ತಿದ್ದೂ ಅಸಲಿ ಅಂತ ಮಾರಿ ದುಡ್ಡು ತಗೊಂಡರೆ ಅದು ಕ್ರಿಮಿನಲ್ ಕೋಡಿನ 263ನೇ ಕಲಂ, ಅಂದರೆ ವಂಚನೆ. ದಂಡ ಅಥವಾ 5 ವರ್ಷದವರೆಗೆ ಜೈಲು. ನಮ್ಮಂಥವರಿಗೆ ಅಷ್ಟಕ್ಕೇ ಮುಗಿಯಲ್ಲ. 90 ದಿನಗಳ ದರಕ್ಕಿಂತ ಹೆಚ್ಚಿನ ದಂಡದ ಶಿಕ್ಷೆ ಬಿದ್ದರೆ ಪೌರತ್ವದ ಅರ್ಜಿಗೂ ಅಡ್ಡ ಬರುತ್ತೆ.

ನಾಲ್ಕನೇದು, ಕದ್ದ ಮಾಲು. ಕದ್ದದ್ದು ಅಂತ ಗೊತ್ತಿಲ್ಲದೇ, ಪೂರ್ತಿ ದುಡ್ಡು ಕೊಟ್ಟು ಕೊಂಡಿದ್ದರೂ ಗಡಿಯಾರ ನಿಮ್ಮದಾಗಲ್ಲ. ಸಿವಿಲ್ ಕೋಡಿನ 935ನೇ ಕಲಂ ಪ್ರಕಾರ ಅದು ಹಳೇ ಮಾಲೀಕರದ್ದೇ. ನೀವು ನಿಮಗೆ ಮಾರಿದವರನ್ನು ಹುಡುಕಿಕೊಂಡು ಹೋಗಬೇಕು. ಅವರು ಯಾರು ಅನ್ನುವ ಕಾಗದ ನಿಮ್ಮ ಹತ್ತಿರ ಇದ್ದರೆ ತಾನೇ?

ಮಾರುವವರಿಗೆ

ಗೊತ್ತಿರೋದನ್ನು ಬರೀರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೀರಿ. "ಕವಚ ಪಾಲಿಶ್ ಆಗಿದೆ. ಡಯಲ್ ಬದಲಾಗಿರಬಹುದು ಅಂತ ಒಬ್ಬ ರಿಪೇರಿಯವರು ಹೇಳಿದ್ದಾರೆ. ಡಬ್ಬಿ ಈ ಗಡಿಯಾರದ್ದೇ ಅನ್ನೋದು ಖಚಿತ ಇಲ್ಲ. ಇಂಥ ವರ್ಷ, ಇಂಥವರಿಂದ ಕೊಂಡದ್ದು." ಇಷ್ಟು ಬರೆದರೆ ಬೆಲೆ ಸ್ವಲ್ಪ ಕಮ್ಮಿ ಆಗುತ್ತೆ. ಆದರೆ ಎರಡು ವರ್ಷ ಫೋನ್ ರಿಂಗ್ ಆದಾಗಲೆಲ್ಲ ಎದೆ ಡವ ಡವ ಅನ್ನಲ್ಲ.

ಇನ್ನು, ಒಂದು ಮಾರಿ ಲಾಭ ಆಯ್ತು ಅಂತ ತಿಂಗಳಿಗೆ ಎರಡು ಮೂರು ಕೊಂಡು ಮಾರುವವರೂ ನಮ್ಮಲ್ಲಿ ಶುರುವಾಗಿದ್ದಾರೆ. ಪದೇ ಪದೇ ಲಾಭಕ್ಕೆ ಮಾರಿದರೆ ಅದು ವ್ಯಾಪಾರ, ಗೆವೆರ್ಬೆ ನೋಂದಣಿ ಬೇಕು. ಬ್ಲೂ ಕಾರ್ಡ್ ಅಥವಾ ಉದ್ಯೋಗದ ವೀಸಾದಲ್ಲಿ ಇರುವವರು ಸ್ವಂತ ವ್ಯಾಪಾರಕ್ಕೆ ಔಸ್‌ಲೆಂಡರ್‌ಬೆಹೋರ್ಡೆಯ ಅನುಮತಿಯನ್ನೂ ಮೊದಲೇ ತಗೋಬೇಕು. ಕೊಂಡ ಒಂದು ವರ್ಷದೊಳಗೆ ಲಾಭಕ್ಕೆ ಮಾರಿದರೆ ಆದಾಯ ತೆರಿಗೆಯ ಪ್ರಶ್ನೆ ಬರಬಹುದು. ಇಂಥ ಖಾಸಗಿ ಮಾರಾಟದ ಲಾಭ 2024ರಿಂದ ವರ್ಷಕ್ಕೆ ಒಟ್ಟು 1,000 ಯೂರೋಗಿಂತ ಕಡಿಮೆ ಇದ್ದರೆ ತೆರಿಗೆ ಇಲ್ಲ, ಅದನ್ನು ಮುಟ್ಟಿದರೆ ಪೂರ್ತಿ ಲಾಭಕ್ಕೂ ಲೆಕ್ಕ. ಒಂದು ಆನ್‌ಲೈನ್ ವೇದಿಕೆಯಲ್ಲಿ ವರ್ಷಕ್ಕೆ 30 ಮಾರಾಟ ಆದರೆ, ಇಲ್ಲವೇ 2,000 ಯೂರೋ ದಾಟಿದರೆ ಆ ವೇದಿಕೆಯೇ ತೆರಿಗೆ ಇಲಾಖೆಗೆ ವರದಿ ಕೊಡುತ್ತೆ. ವರದಿ ಹೋಯ್ತು ಅಂದ ಮಾತ್ರಕ್ಕೆ ತೆರಿಗೆ ಬಿತ್ತು ಅಂತಲ್ಲ, ಆದರೆ ಕೇಳಿದರೆ ಉತ್ತರ ಕೊಡೋಕೆ ಕಾಗದ ಇರಬೇಕು.

ರಜೆಗೆ ಹೋದಾಗ ದುಬೈಯಲ್ಲಿ ಇಳಿದು ಗಡಿಯಾರ ಕೊಂಡು ಕೈಗೆ ಕಟ್ಟಿಕೊಂಡು ಬರುವವರಿಗೂ ಒಂದು ಮಾತು. ವಿಮಾನದಲ್ಲಿ ಬರುವ ದೊಡ್ಡವರಿಗೆ ಇಲ್ಲಿ ಸುಂಕ ಇಲ್ಲದ ಮಿತಿ 430 ಯೂರೋ. ಗಡಿಯಾರದ ಬೆಲೆ ಅದನ್ನು ದಾಟಿದರೆ ಮೇಲಿನ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ ಸುಂಕ ಹಾಕ್ತಾರೆ. ಕೆಂಪು ದಾರಿಯಲ್ಲಿ ಹೋಗಿ ಹೇಳಿ, ಕಟ್ಟಿ, ರಸೀದಿ ಇಟ್ಟುಕೊಳ್ಳಿ. ನಾಳೆ ಮಾರುವಾಗ ಆ ರಸೀದಿಯೇ ನಿಮ್ಮ ಗಡಿಯಾರದ ಜಾತಕ.

ಕೊಳ್ಳುವವರಿಗೆ

ಡಬ್ಬಿ, ಕಾಗದ ನೋಡಿ ಮರುಳಾಗಬೇಡಿ. ಬರೀ ಡಬ್ಬಿ, ಬರೀ ಕಾಗದ ಬೇರೆಯಾಗಿಯೂ ಮಾರಾಟ ಆಗುತ್ತೆ. ಸೀರಿಯಲ್ ನಂಬರನ್ನು ಗಡಿಯಾರದ ಮೇಲೆ ನೀವೇ ನೋಡಿ, ಕಾಗದದ ಜೊತೆ ಒಂದೊಂದೇ ಅಂಕಿ ಹೋಲಿಸಿ. ಹಳೇ ರೋಲೆಕ್ಸ್‌ಗಳಲ್ಲಿ ಅದು ಪಟ್ಟಿ ಸೇರುವ ಕೊಂಬುಗಳ ನಡುವೆ ಇರುತ್ತೆ, ಈಚಿನವುಗಳಲ್ಲಿ ಗಾಜಿನ ಕೆಳಗೆ, ಡಯಲ್ ಸುತ್ತಲಿನ ಒಳ ಅಂಚಿನಲ್ಲಿ. ಕದ್ದ, ಕಳೆದುಹೋದ ಗಡಿಯಾರಗಳ ಪಟ್ಟಿ ಇಟ್ಟಿರುವ ಲಂಡನ್ನಿನ ದಿ ವಾಚ್ ರಿಜಿಸ್ಟರ್‌ನಲ್ಲಿ ಆ ನಂಬರ್ ಹುಡುಕಿಸಬಹುದು.

ಮುಳ್ಳು ಟಿಕ್ ಟಿಕ್ ಅಂದರೆ ನಕಲಿ, ನಯವಾಗಿ ಜಾರಿದರೆ ಅಸಲಿ ಅನ್ನೋದು ಹಳೇ ಕಾಲದ ಪರೀಕ್ಷೆ. ಈಗಿನ ನಕಲಿಗಳೂ ನಯವಾಗೇ ಜಾರುತ್ತವೆ. ಮುಚ್ಚಳ ಬಿಚ್ಚಿ ನೋಡದೆ ಹೇಳೋಕೆ ಆಗಲ್ಲ. ಹಾಗಾಗಿ ದುಡ್ಡು ಕೊಡುವ ಮುಂಚೆ, ಮಾರುವವರ ಜೊತೆಗೇ, ನಿಮಗೆ ಪರಿಚಯ ಇರುವ ಊರ್‌ಮಾಖರ್ ಹತ್ತಿರ ಹೋಗಿ. ಅವರ ಕೂಲಿ ಕೊಟ್ಟು, ನೋಡಿದ್ದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬರಲ್ಲ ಅಂತ ಮಾರುವವರು ಹಠ ಮಾಡಿದರೆ ಅದೇ ಉತ್ತರ.

ಅಪರಿಚಿತರಿಂದ ದೂರದಿಂದ ಕೊಳ್ಳುವುದಾದರೆ ದುಡ್ಡನ್ನು ಮಧ್ಯದವರು ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ ಇರುವ ಕಡೆ ಕೊಳ್ಳಿ. 2003ರಲ್ಲಿ ಕಾರ್ಲ್ಸ್‌ರೂಹೆಯಲ್ಲೇ ಶುರುವಾದ ಕ್ರೋನೊ24 ಅಂಥದ್ದು ಒಂದು. ಅದೇ ಊರಿನ ಕೋರ್ಟ್ ಮುಂದೆ 2004ರಲ್ಲಿ ನಕಲಿ ರೋಲೆಕ್ಸ್‌ಗಳ ಆನ್‌ಲೈನ್ ಹರಾಜಿನ ಕೇಸೂ ಬಂದಿತ್ತು. ನಕಲಿ ಅಂತ ಸ್ಪಷ್ಟವಾಗಿ ತಿಳಿಸಿದ ಮೇಲೆ ವೇದಿಕೆಯವರು ಆ ಒಂದನ್ನು ತೆಗೆದರೆ ಸಾಲದು, ಅಂಥವು ಮತ್ತೆ ಬರದಂತೆಯೂ ನೋಡಿಕೊಳ್ಳಬೇಕು ಅಂತ ಕೋರ್ಟ್ ಹೇಳಿತು. ಆದರೂ ಕೊನೆಗೆ ಕಣ್ಣು ತೆರೆದಿರಬೇಕಾದವರು ಕೊಳ್ಳುವವರೇ. ಪೇಪಾಲ್‌ನಲ್ಲಿ "ಸ್ನೇಹಿತರಿಗೆ" ಅಂತ ಕಳಿಸಿದ ದುಡ್ಡಿಗೆ ರಕ್ಷಣೆ ಇಲ್ಲ, ನೆನಪಿರಲಿ. ಪರಿಚಿತರಾದರೂ ನಗದು ಬೇಡ, ಬ್ಯಾಂಕ್ ವರ್ಗಾವಣೆ ಮಾಡಿ. 2025ರ ಅಕ್ಟೋಬರ್‌ನಿಂದ ತಕ್ಷಣದ ವರ್ಗಾವಣೆಯ ಸೌಲಭ್ಯ ಇಲ್ಲಿನ ಬ್ಯಾಂಕುಗಳಲ್ಲಿ ಇರಲೇಬೇಕು. ಖಾತೆದಾರರ ಹೆಸರು ಹೊಂದುತ್ತಾ ಅಂತಲೂ ತೋರಿಸುತ್ತೆ.

ಕೊನೇದಾಗಿ ಕೌಫ್‌ಫೆರ್‌ಟ್ರಾಗ್, ಅಂದರೆ ಮಾರಾಟದ ಒಪ್ಪಂದ. ಒಂದು ಪುಟ ಸಾಕು. ಇಬ್ಬರ ಹೆಸರು, ವಿಳಾಸ, ಮಾದರಿ, ಸೀರಿಯಲ್ ನಂಬರ್, ಬೆಲೆ, ದಿನಾಂಕ, ಬದಲಾದ ಭಾಗಗಳು, ಗೊತ್ತಿಲ್ಲದ ಸಂಗತಿಗಳು, "ಇದು ನನ್ನ ಸ್ವಂತದ್ದು" ಅನ್ನುವ ಸಾಲು, ಎರಡು ಸಹಿ. ಖಾಸಗಿ ಮಾರಾಟದಲ್ಲಿ ದೋಷ ಮೊದಲೇ ಇತ್ತು ಅಂತ ತೋರಿಸುವ ಭಾರ ಕೊಂಡವರ ಮೇಲೆ ಇರುತ್ತೆ. ಕಾಗದ ಇಲ್ಲದಿದ್ದರೆ ಏನು ಮಾತಾಗಿತ್ತು ಅನ್ನೋದನ್ನೇ ತೋರಿಸೋಕೆ ಆಗಲ್ಲ.

ನಮ್ಮ ಪಾಲಿನ ತಪ್ಪು

ಕಾಗದ ಕೇಳಿದರೆ ಬೇಜಾರು ಮಾಡ್ಕೋತಾರೇನೋ ಅನ್ನುವ ಸಂಕೋಚ ನಮ್ಮೆಲ್ಲರಿಗೂ ಇದೆ. ಇಲ್ಲಿಗೆ ಬಂದ ಹೊಸದರಲ್ಲಿ ಮನೆ ಹುಡುಕಿಕೊಟ್ಟವರು, ವಿಮಾನ ನಿಲ್ದಾಣಕ್ಕೆ ಬಂದು ಕರಕೊಂಡು ಹೋದವರು ಇದೇ ಜನ. ಅವರ ಹತ್ತಿರ ಸಹಿ ಕೇಳೋದಾ ಅನ್ಸುತ್ತೆ. ಆದರೆ ಊರಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗಲೂ ಹಿರಿಯರನ್ನು ಕೂರಿಸಿ ಪತ್ರ ಬರೆಸ್ತಿದ್ದರಲ್ಲ, ಅದು ಅಪನಂಬಿಕೆಯಿಂದ ಅಲ್ಲ. ನಾಳೆ ಜಗಳ ಆಗದಿರಲಿ ಅಂತ.

ನಾವು ಮಾಡಿದ ತಪ್ಪು ಏನು ಅಂದರೆ, ಒಬ್ಬ ಮನುಷ್ಯರ ಬಗ್ಗೆ ಗೊತ್ತಿದ್ದದ್ದನ್ನು ಅವರ ಕೈಯಲ್ಲಿದ್ದ ವಸ್ತುವಿನ ಬಗ್ಗೆಯೂ ಗೊತ್ತಿದೆ ಅನ್ನುವ ಹಾಗೆ ಹೇಳಿದ್ದು. ಹುಡುಗ ಒಳ್ಳೆಯವನೇ. ಗಡಿಯಾರದ ಬಗ್ಗೆ ನಮಗೆ ಏನೂ ಗೊತ್ತಿರಲಿಲ್ಲ. "ಮನುಷ್ಯ ಗೊತ್ತು, ಗಡಿಯಾರ ಗೊತ್ತಿಲ್ಲ, ತೋರಿಸಿ ತಗೊಳ್ಳಿ" ಅಂದಿದ್ದರೆ ಮುಗೀತಿತ್ತು. ಇಬ್ಬರ ಹತ್ತಿರವೂ ನಾವು ಕ್ಷಮೆ ಕೇಳಿದ್ದೇವೆ, ಇಲ್ಲೂ ಕೇಳ್ತೀವಿ.

ವ್ಯವಹಾರ ಕೋರ್ಟಿಗೆ ಹೋಗಿಲ್ಲ. ಮಾರಿದವರು ಗಡಿಯಾರ ವಾಪಸ್ ತಗೊಂಡು, ದುಡ್ಡನ್ನು ನಾಲ್ಕು ಕಂತಲ್ಲಿ ಕೊಡ್ತೀನಿ ಅಂತ ಬರೆದುಕೊಟ್ಟಿದ್ದಾರೆ. ಈ ಸಲ ಬರೆದೇ ಕೊಟ್ಟಿದ್ದಾರೆ. ಎರಡು ಕಂತು ಬಂದಿದೆ. ತಮಗೆ ಮಾರಿದವರನ್ನು ಹುಡುಕಿದರೆ ಅವರ ಫೋನ್ ನಂಬರ್ ಚಾಲ್ತಿಯಲ್ಲಿಲ್ಲ. ಅಪ್ಪನ ಅರವತ್ತರ ಶಾಂತಿ ಗಡಿಯಾರ ಇಲ್ಲದೇ ಆಯಿತು. ಯುಗಾದಿಗೆ ಎರಡೂ ಮನೆಯವರು ಬಂದಿದ್ದರು, ಬೇರೆ ಬೇರೆ ಸಾಲಲ್ಲಿ ಕೂತರು.

ನಮ್ಮ ಸಂಚಿಕೆಯ ಕೊಡು-ಕೊಳ್ಳು ಪುಟಕ್ಕೆ ಮುಂದಿನ ತಿಂಗಳಿನಿಂದ ಒಂದು ನಿಯಮ ಮಾಡಿದ್ದೇವೆ. 500 ಯೂರೋ ಮೇಲಿನ ಯಾವುದೇ ಹಳೇ ವಸ್ತುವಿನ ಜಾಹೀರಾತಿನಲ್ಲಿ "ನನಗೆ ಗೊತ್ತಿರುವುದು", "ನನಗೆ ಗೊತ್ತಿಲ್ಲದ್ದು" ಅಂತ ಎರಡು ಸಾಲು ಇರಲೇಬೇಕು. ಇಲ್ಲದಿದ್ದರೆ ಹಾಕಲ್ಲ, ಎಷ್ಟೇ ಹತ್ತಿರದವರಾದರೂ. ಒಪ್ಪಂದದ ಮಾದರಿಯನ್ನು ಕನ್ನಡ ವಿವರಣೆಯ ಜೊತೆ ಸಭೆಗಳಲ್ಲಿ ಮೇಜಿನ ಮೇಲೆ ಇಟ್ಟಿರ್ತೀವಿ, ತಗೊಂಡು ಹೋಗಿ.

ಈ ನಿಯಮದಲ್ಲಿ ಮೊದಲು ಬಂದ ಜಾಹೀರಾತು ಅದೇ ಡೇಟ್‌ಜಸ್ಟ್‌ನದು. ಡಯಲ್ ಹೊರಗಿನದು, ಪಟ್ಟಿ ಬೇರೆಯದು, ಕಾಗದದ ನಂಬರ್ ಹೊಂದಲ್ಲ ಅಂತ ಅವರೇ ಬರೆದು ಕಳಿಸಿದ್ದಾರೆ. ಬೆಲೆ ಬಹಳ ಕಡಿಮೆ ಇಟ್ಟಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ, ನೆಬೆನ್‌ಕೋಸ್ಟನ್ ಬರಹದ ಪಕ್ಕದಲ್ಲೇ.